ಚೀಟಿ ಮೇಲೆ ಹೋಗುತ್ತದೆ, ಕೆಳಗೆ ಬರುವುದಿಲ್ಲ

ನಮ್ಮ ಕಾಕ್ಕನಾಡಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಹೃದಯಕ್ಕೊಬ್ಬರು, ಮೊಣಕಾಲಿಗೊಬ್ಬರು, ಕಿಡ್ನಿಗೊಬ್ಬರು, ಸಕ್ಕರೆ ಕಾಯಿಲೆಗೊಬ್ಬರು. ಅರ್ಧ ಗಂಟೆ ಆಟೋದಲ್ಲಿ ಕೂತರೆ (ಟ್ರಾಫಿಕ್ ಇಲ್ಲದಿದ್ದರೆ ಅನ್ನಿ) ಯಾವ ಅಂಗಕ್ಕೆ ಬೇಕಾದರೂ ತಜ್ಞರು ಸಿಗುತ್ತಾರೆ. 1984ರಲ್ಲಿ ಇಲ್ಲಿಗೆ ರಫ್ತು ವಲಯ ಬಂತು, 2004ರಲ್ಲಿ ಇನ್ಫೋಪಾರ್ಕ್ ಬಂತು, ಅದರ ಹಿಂದೆಯೇ ಫ್ಲಾಟುಗಳು ಬಂದವು, ಫ್ಲಾಟುಗಳಿಗೆ ನಮ್ಮಂಥವರು ಬಂದೆವು. ಈಗ ನಮ್ಮಲ್ಲಿ ಅನೇಕರ ಮನೆಯಲ್ಲಿ ಊರಿನಿಂದ ಕರೆತಂದ ಅಪ್ಪ ಅಮ್ಮ ಇದ್ದಾರೆ. ಅವರ ಹತ್ತಿರ ಒಂದು ದಪ್ಪನೆಯ ಪ್ಲಾಸ್ಟಿಕ್ ಫೈಲೂ ಇದೆ.

ಒಂದು ಪ್ರಶ್ನೆ ಕೇಳಿ ನೋಡಿ: "ನಿಮ್ಮ ಡಾಕ್ಟರು ಯಾರು?" ಊರಿನಲ್ಲಿ ಇದಕ್ಕೆ ಒಂದೇ ಹೆಸರು ಉತ್ತರವಾಗಿ ಬರುತ್ತಿತ್ತು. ಇಲ್ಲಿ "ಯಾವುದಕ್ಕೆ?" ಅಂತ ಮರುಪ್ರಶ್ನೆ ಬರುತ್ತದೆ. ಈ "ಯಾವುದಕ್ಕೆ" ಎಂಬುದು ಹೇಗೆ ಹುಟ್ಟಿತು, ಕುಟುಂಬದ ವೈದ್ಯರು ಮತ್ತು ತಜ್ಞರು ರೋಗಿಯ ಹೊಣೆಯನ್ನು ಹೇಗೆ ಹಂಚಿಕೊಂಡರು, ಅಥವಾ ಹಂಚಿಕೊಳ್ಳದೆ ಬಿಟ್ಟರು, ಅನ್ನುವುದಕ್ಕೆ ಕೇರಳದಲ್ಲಿ ಒಂದು ಒಳ್ಳೆಯ ಚರಿತ್ರೆಯೇ ಇದೆ. ಇಷ್ಟು ವರ್ಷ ಇವರ ಅನ್ನ ತಿಂದಿದ್ದೇವೆ, ಇವರ ಮಾತ್ರೆಯನ್ನೂ ನುಂಗಿದ್ದೇವೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಇಂಗ್ಲಿಷ್ ಔಷಧಿ ಬರುವ ಮೊದಲೂ ಇಲ್ಲಿ ಈ ಹಂಚಿಕೆ ಇತ್ತು. ಅಷ್ಟವೈದ್ಯರ ಮನೆತನಗಳು ಪ್ರಸಿದ್ಧ. ಹದಿನೆಂಟು ಮನೆತನ ಅಂತ ಹೇಳುವುದು ವಾಡಿಕೆ. ಅಷ್ಟಾಂಗಹೃದಯವನ್ನು ಬಾಯಿಪಾಠ ಮಾಡಿದ ಇವರು ತಲೆಮಾರುಗಳಿಂದ ಅದೇ ಮನೆಗಳಿಗೆ ಮದ್ದು ಕೊಟ್ಟವರು. ಹಾವು ಕಚ್ಚಿದರೆ ವಿಷವೈದ್ಯ ಬೇರೆ, ಎಲುಬು ಮುರಿದರೆ ಕಳರಿಯ ಮರ್ಮ ತಿಳಿದವನು ಬೇರೆ. ನಮ್ಮ ತುಳುನಾಡಿನ ಕಡೆಯೂ ಹೆಚ್ಚು ಕಡಿಮೆ ಹೀಗೇ ಇತ್ತಲ್ಲ? ಎಲ್ಲರೂ ಒಂದೇ ಊರಿನ ಸುತ್ತಮುತ್ತ ಇದ್ದವರು, ಒಬ್ಬರನ್ನೊಬ್ಬರು ಬಲ್ಲವರು. ಚೀಟಿ ಬರೆಯುವ ಅಗತ್ಯ ಇರಲಿಲ್ಲ, ಬಾಯಿಮಾತು ಸಾಕಿತ್ತು.

ಆಮೇಲೆ ಆಸ್ಪತ್ರೆಗಳು ಬಂದವು. ಎರ್ನಾಕುಲಂ ಜನರಲ್ ಆಸ್ಪತ್ರೆ ತನ್ನ ಹುಟ್ಟನ್ನು 1845ಕ್ಕೆ ಒಯ್ಯುತ್ತದೆ. ತಿರುವನಂತಪುರದ್ದು 1865ರದ್ದು. ಆಗಿನ್ನೂ ಒಂದೇ ರಾಜ್ಯವಲ್ಲ, ಕೊಚ್ಚಿ ಬೇರೆ, ತಿರುವಾಂಕೂರು ಬೇರೆ. ಆ ತಿರುವಾಂಕೂರಿನಲ್ಲಿ ಒಬ್ಬ ಹೆಂಗಸು ಮಾಡಿದ ಕೆಲಸ ನನಗೆ ಈ ವಿಷಯದಲ್ಲಿ ಬಹಳ ಮುಖ್ಯ ಅನ್ನಿಸುತ್ತದೆ.

ಡಾ. ಮೇರಿ ಪುನ್ನನ್ ಲೂಕೋಸ್, 1886ರಲ್ಲಿ ಹುಟ್ಟಿದವರು. ತಂದೆ ಟಿ.ಇ. ಪುನ್ನನ್ ತಿರುವಾಂಕೂರಿನ ಮೊದಲ ವೈದ್ಯಕೀಯ ಪದವೀಧರರು, ಅರಮನೆಯ ವೈದ್ಯರು. ಹೆಣ್ಣು ಅನ್ನುವ ಕಾರಣಕ್ಕೆ ಮಗಳಿಗೆ ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ ವಿಜ್ಞಾನದ ಸೀಟು ಸಿಗಲಿಲ್ಲ, ಚರಿತ್ರೆ ಓದಿ ಬಿ.ಎ. ಮಾಡಿದರು. ನಂತರ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದರು. 1916ರಲ್ಲಿ ತೈಕ್ಕಾಡಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಹೊಣೆ ಹೊತ್ತರು. ಕೇರಳದ ಮೊದಲ ಸಿಸೇರಿಯನ್ ಹೆರಿಗೆ 1920ರಲ್ಲಿ ಇವರ ಕೈಯಲ್ಲಿ ಆಯಿತು ಎಂದು ದಾಖಲೆ. ಆದರೆ ಅದಕ್ಕಿಂತ ನನ್ನ ಗಮನ ಸೆಳೆದದ್ದು ಇನ್ನೊಂದು. ಊರೂರಿನಲ್ಲಿ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯರ ಮನೆಯ ಮಕ್ಕಳನ್ನೇ ಕರೆದು ಇವರು ತರಬೇತಿ ಕೊಡಲು ಶುರುಮಾಡಿದರು.

ಯೋಚನೆ ಮಾಡಿ. ಮನೆಬಾಗಿಲಿನ ಸೂಲಗಿತ್ತಿಯೂ ಇವರ ಶಿಷ್ಯೆ, ಆಪರೇಷನ್ ಮೇಜಿನ ಮುಂದೆ ನಿಂತವರೂ ಇವರೇ. ಯಾವ ಹೆರಿಗೆಯನ್ನು ಮನೆಯಲ್ಲಿ ಮಾಡಿಸಬಹುದು, ಯಾವುದನ್ನು ತಡಮಾಡದೆ ತೈಕ್ಕಾಡಿಗೆ ಕಳಿಸಬೇಕು ಅನ್ನುವುದನ್ನು ಕಲಿಸಿದವರಿಗೆ, ಕಳಿಸಿದ ಮೇಲೆ ಏನಾಯಿತು ಅಂತಲೂ ಗೊತ್ತಿರುತ್ತಿತ್ತು. 1938ರಲ್ಲಿ ಅವರು ತಿರುವಾಂಕೂರಿನ ಸರ್ಜನ್ ಜನರಲ್ ಆದರು. ಭಾರತದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. 32 ಸರ್ಕಾರಿ ಆಸ್ಪತ್ರೆಗಳು, 40 ಸರ್ಕಾರಿ ಔಷಧಾಲಯಗಳು ಅವರ ಕೈಕೆಳಗಿದ್ದವು. ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎರಡಕ್ಕೂ ಒಬ್ಬರೇ ಉತ್ತರ ಹೇಳಬೇಕಾಗಿದ್ದ ಕಾಲ ಅದು.

1930ರ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನೆಯ್ಯಾಟ್ಟಿನ್‌ಕರದಲ್ಲಿ ಒಂದು ಆರೋಗ್ಯ ಘಟಕ ನಡೆಯಿತು. ಅದೇ ದಶಕದಲ್ಲಿ ನಮ್ಮ ಮೈಸೂರು ಸಂಸ್ಥಾನದ ಕ್ಲೋಸ್‌ಪೇಟೆಯಲ್ಲೂ, ಅಂದರೆ ಈಗಿನ ರಾಮನಗರದಲ್ಲೂ, ಅಂಥದ್ದೇ ಒಂದು ಇತ್ತು. ಕಾಯಿಲೆ ಬಂದವನು ಆಸ್ಪತ್ರೆಗೆ ಬರಲಿ ಅಂತ ಕಾಯದೆ, ಒಂದು ಪ್ರದೇಶದ ಇಷ್ಟು ಜನ ನಮ್ಮವರು ಅಂತ ಲೆಕ್ಕ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಂದ ಬೆಳೆಯಿತು.

ಇದನ್ನೆಲ್ಲ ಇಡೀ ದೇಶಕ್ಕೆ ನಕ್ಷೆ ಮಾಡಿದ್ದು 1946ರ ಭೋರ್ ಸಮಿತಿ. ಅವರ ದೂರದ ಗುರಿ ಕೇಳಿದರೆ ಇವತ್ತಿಗೂ ಬೆರಗಾಗುತ್ತದೆ: ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಯ ಒಂದು ಆಸ್ಪತ್ರೆ, ಅದರ ಮೇಲೆ 650 ಹಾಸಿಗೆಯದು, ಜಿಲ್ಲೆಯಲ್ಲಿ 2500 ಹಾಸಿಗೆಯದು. ರೋಗಿ ಕೆಳಗಿನಿಂದ ಮೇಲೆ ಹೋಗಬೇಕು, ಗುಣವಾಗಿ ಮತ್ತೆ ಕೆಳಗೆ ಬರಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ಏಣಿ ಇಲ್ಲ.

ಅದೇ ಸಮಿತಿಯ ಬಹುಮತ ಇನ್ನೊಂದು ಮಾತು ಹೇಳಿತು. ಎಲ್.ಎಂ.ಪಿ. ಡಾಕ್ಟರುಗಳ ಕೋರ್ಸು ನಿಲ್ಲಿಸಿ, ಇನ್ನು ಮೇಲೆ ಒಂದೇ ಬಗೆಯ ಪದವೀಧರ ಡಾಕ್ಟರು ಸಾಕು ಅಂತ. ನಮ್ಮ ಹಿರಿಯರಿಗೆ ಎಲ್.ಎಂ.ಪಿ. ಅಂದರೆ ಬೇರೆ ಹೇಳಬೇಕಿಲ್ಲ. ಸಣ್ಣ ಪೇಟೆಯಲ್ಲಿ ಬಣ್ಣದ ನೀರಿನ ಮದ್ದು ಬಾಟಲಿಗೆ ಹಾಕಿ, ಕಾಗದದ ಗೆರೆ ಅಂಟಿಸಿ ಕೊಡುತ್ತಿದ್ದವರು. ಅವರ ಓದು ಕಡಿಮೆ ಅನ್ನುವ ಸಮಿತಿಯ ತರ್ಕ ತಪ್ಪಲ್ಲ. ಆದರೆ ಹಳೆಯ ಕುಟುಂಬ ವೈದ್ಯನ ಜಾಗಕ್ಕೆ ಬರಬೇಕಾದ ಹೊಸ ಪದವೀಧರ ಸಣ್ಣ ಪೇಟೆಗೆ ಬರುವ ಬದಲು ಮತ್ತೂ ಓದಿ ತಜ್ಞನಾಗುವ ದಾರಿ ಹಿಡಿದ. ಅವನನ್ನು ಮಾತ್ರ ದೂರುವ ಹಾಗಿಲ್ಲ, ಮರ್ಯಾದೆ ಸಂಬಳ ಎರಡೂ ಅಲ್ಲೇ ಇದ್ದವು.

ಏಣಿಯ ಮೇಲಿನ ಮೆಟ್ಟಿಲುಗಳನ್ನು ಕೇರಳ ಚೆನ್ನಾಗಿಯೇ ಕಟ್ಟಿತು. ತಿರುವನಂತಪುರ ಮೆಡಿಕಲ್ ಕಾಲೇಜನ್ನು 1951ರ ನವೆಂಬರಿನಲ್ಲಿ ನೆಹರೂ ಉದ್ಘಾಟಿಸಿದರು. 1957ರಲ್ಲಿ ಕಲ್ಲಿಕೋಟೆ. 1963ರಲ್ಲಿ ಆಲಪ್ಪುಳದ ತಿರುಮಲ ದೇವಸ್ವಂ ಕಾಲೇಜು. ಇದು ನಮ್ಮ ಕರಾವಳಿಯವರಿಗೆ ಗುರುತಿರುವ ಗೌಡ ಸಾರಸ್ವತರು ಹುಟ್ಟುಹಾಕಿ ಹತ್ತು ವರ್ಷಗಳ ನಂತರ ಸರ್ಕಾರಕ್ಕೆ ಬಿಟ್ಟುಕೊಟ್ಟದ್ದು. 1976ರಲ್ಲಿ ಶ್ರೀ ಚಿತ್ರಾ ಸಂಸ್ಥೆಯ ಆಸ್ಪತ್ರೆ ಶುರುವಾಯಿತು. ಅದರ ಮೊದಲ ನಿರ್ದೇಶಕ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ದೇಶದಲ್ಲೇ ತಯಾರಿಸಿದ ಹೃದಯದ ಕವಾಟವನ್ನು 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿತು. ಮುಂದೆ ಇದೇ ವಲಿಯತ್ತಾನ್ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮವರೇ ಆದರು. 1981ರಲ್ಲಿ ತಿರುವನಂತಪುರದಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಬಂತು. ಆಮೇಲೆ ಕೊಚ್ಚಿಯಲ್ಲಿ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳು.

ಕೆಳಗಿನ ಮೆಟ್ಟಿಲೂ ಇತ್ತು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೇರಳದಲ್ಲಿ ಕೊರತೆ ಇರಲಿಲ್ಲ. ಸರಿಯಾಗಿ ಕಟ್ಟದೆ ಉಳಿದದ್ದು ಎರಡರ ನಡುವಿನ ದಾರಿ. ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಜನರು ತಂತಮ್ಮ ಊರಿನ ಒಬ್ಬ ಡಾಕ್ಟರ ಪಟ್ಟಿಯಲ್ಲಿ ಹೆಸರು ಬರೆಸಿದರು. ತುರ್ತು ಇಲ್ಲದಿದ್ದರೆ ಅವರ ಪತ್ರ ಇಲ್ಲದೆ ತಜ್ಞರನ್ನು ಕಾಣುವಂತಿಲ್ಲ. ನೋಡಿದ ಮೇಲೆ ತಜ್ಞರು ಆ ಡಾಕ್ಟರಿಗೇ ಉತ್ತರ ಬರೆಯಬೇಕು. ಅಲ್ಲಿಯೂ ಕಾಯುವ ಗೋಳು ಇದ್ದೇ ಇದೆ, ನಮ್ಮ ಮಕ್ಕಳು ಅಲ್ಲಿಂದ ಫೋನಿನಲ್ಲಿ ಬೈಯುವುದು ಕೇಳಿದ್ದೇವೆ. ಆದರೆ ಈ ರೋಗಿ ಯಾರ ಹೊಣೆ ಅಂತ ಕೇಳಿದರೆ ಒಂದು ಹೆಸರು ಹೇಳಬಹುದು. ನಮ್ಮಲ್ಲಿ ಯಾರು ಬೇಕಾದರೂ ಓಪಿ ಟಿಕೆಟ್ ಮಾಡಿಸಿ ಮೆಡಿಕಲ್ ಕಾಲೇಜಿನ ಪ್ರೊಫೆಸರ ಮುಂದೆ ಕೂರಬಹುದು. ಅದು ಒಂದು ಸ್ವಾತಂತ್ರ್ಯವೇ, ಬಡವನಿಗೂ ಸಿಕ್ಕ ಸ್ವಾತಂತ್ರ್ಯ. ಆದರೆ ಪ್ರೊಫೆಸರು ಬರೆದದ್ದನ್ನು ಊರಿನ ಡಾಕ್ಟರಿಗೆ ತಲುಪಿಸುವ ಕೆಲಸ ರೋಗಿಯದ್ದೇ. ಅಂಚೆಯವನೂ ಅವನೇ, ಕಾಗದವೂ ಅವನೇ.

ಈ ನಡುವಿನ ದಾರಿಯಲ್ಲಿ ಎಷ್ಟು ಜನ ಕಳೆದುಹೋಗುತ್ತಾರೆ? ಇದಕ್ಕೆ ತಿರುವನಂತಪುರದಿಂದಲೇ ಒಂದು ಲೆಕ್ಕ ಸಿಗುತ್ತದೆ. 1996ರಲ್ಲಿ ಆ ಜಿಲ್ಲೆಯ ಪಂಚಾಯತುಗಳಲ್ಲಿ ಬಾಯಿ ಕ್ಯಾನ್ಸರಿನ ಒಂದು ದೊಡ್ಡ ಅಧ್ಯಯನ ಶುರುವಾಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬೆಳಕು ಬಿಟ್ಟು ನೋಡಿದರು. ಸಂಶಯ ಬಂದರೆ ತಜ್ಞರ ಬಳಿ ಕಳಿಸಿದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಶೇ. 34ರಷ್ಟು ಕಡಿಮೆಯಾಗಿತ್ತು. ಒಂದು ಟಾರ್ಚು ಮತ್ತು ಒಂದು ಜೊತೆ ಕಣ್ಣು ಮಾಡಿದ ಕೆಲಸ! ಜಗತ್ತೇ ಇದನ್ನು ಗಮನಿಸಿತು.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಹೆಚ್ಚು ಜನ ಹೇಳುವುದಿಲ್ಲ. ಸಂಶಯ ಇದೆ, ಹೋಗಿ ತೋರಿಸಿ ಅಂತ ಹೇಳಿಸಿಕೊಂಡವರು 5145 ಮಂದಿ. ಹೋದವರು 3218, ಅಂದರೆ ಶೇ. 63. ಬಾಯಿಯಲ್ಲಿ ಕ್ಯಾನ್ಸರ್ ಇರಬಹುದು ಅಂತ ಗೊತ್ತಾದ ಮೇಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೋಗಲಿಲ್ಲ. ಇದು ಓದು ಬಲ್ಲ ಜಿಲ್ಲೆ, ಬಸ್ಸಿದ್ದ ಜಿಲ್ಲೆ, ಕ್ಯಾನ್ಸರ್ ಆಸ್ಪತ್ರೆ ಇದ್ದ ಜಿಲ್ಲೆ. ಹೆದರಿಕೆ ಇತ್ತೋ, ಒಂದು ದಿನದ ಕೂಲಿ ಹೋಗುವ ಚಿಂತೆಯೋ, ಜೊತೆಗೆ ಬರುವವರು ಇರಲಿಲ್ಲವೋ, ಒಬ್ಬೊಬ್ಬರದು ಒಂದೊಂದು ಇದ್ದೀತು. ಚೀಟಿ ಕೊಟ್ಟವರ ಹೊಣೆ ಚೀಟಿ ಕೊಟ್ಟಲ್ಲಿಗೆ ಮುಗಿದರೆ, ಚೀಟಿ ನೋಡುವವರ ಹೊಣೆ ರೋಗಿ ಬಂದ ಮೇಲೆ ಶುರುವಾದರೆ, ನಡುವೆ ಬಿದ್ದವರನ್ನು ಯಾರು ಹುಡುಕಬೇಕು?

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ, ಇಂಥದ್ದು ನಿಮ್ಮಲ್ಲೂ ನಡೆದಿರಬಹುದು. ಅಮ್ಮ ಪುತ್ತೂರಿನಿಂದ ನಮ್ಮಲ್ಲಿಗೆ ಬಂದ ಮೇಲೆ ಅವರ ಬಿ.ಪಿ.ಯನ್ನು ಇಲ್ಲಿನ ಒಬ್ಬ ಹೃದ್ರೋಗ ತಜ್ಞರು ನೋಡಿಕೊಳ್ಳುತ್ತಿದ್ದರು, ಮೊಣಕಾಲನ್ನು ಇನ್ನೊಂದು ಕಡೆಯ ಎಲುಬು ತಜ್ಞರು. ಇಬ್ಬರೂ ಒಳ್ಳೆಯವರು, ಇಬ್ಬರ ಮಾತ್ರೆಯೂ ತಮ್ಮ ತಮ್ಮ ಮಟ್ಟಿಗೆ ಸರಿ. ಕೆಲವು ತಿಂಗಳಲ್ಲಿ ಅಮ್ಮನ ಕಾಲು ಊದಿಕೊಂಡಿತು, ಊಟ ಸೇರದಾಯಿತು. ಒಬ್ಬರು ನೋವಿನದ್ದಿರಬಹುದು ಅಂದರು, ಇನ್ನೊಬ್ಬರು ಮೂರನೆಯವರಿಗೆ ತೋರಿಸಿ ಅಂದರು. ಅಮ್ಮ ಕೊನೆಗೆ ಹಟ ಹಿಡಿದು ಪುತ್ತೂರಿನ ಹಳೆಯ ಡಾಕ್ಟರಿಗೆ ಫೋನು ಮಾಡಿಸಿದರು.

"ಏನು ಮಾರಾಯ, ಅಮ್ಮನಿಗೆ ಎಂತೆಂತ ಮಾತ್ರೆ ಉಂಟು? ಒಂದೊಂದೇ ಹೆಸರು ಓದು," ಅಂದರು ಅವರು. ಓದಿದೆ. ಐದನೆಯದಕ್ಕೆ ನಿಲ್ಲಿಸಿದರು. "ಈ ನೋವಿನ ಮಾತ್ರೆ ಎಷ್ಟು ದಿನದಿಂದ ತಿನ್ನುವುದು? ಬಿ.ಪಿ.ಯ ಆ ಮಾತ್ರೆಯೊಟ್ಟಿಗೆ ಇದು ಕಿಡ್ನಿಗೆ ಆಗುವುದಿಲ್ಲ. ನಾಳೆಯೇ ಕ್ರಿಯಾಟಿನಿನ್ ನೋಡಿಸು. ರಿಪೋರ್ಟು ಹಿಡಿದುಕೊಂಡು ಅವರಿಬ್ಬರಿಗೂ ನಾನು ಕೇಳಿದೆ ಅಂತ ಹೇಳು."

ಕ್ರಿಯಾಟಿನಿನ್ ಏರಿತ್ತು. ರಿಪೋರ್ಟು ನೋಡಿ ಎಲುಬಿನವರೇ ನೋವಿನ ಮಾತ್ರೆ ನಿಲ್ಲಿಸಿದರು, ನಿಧಾನಕ್ಕೆ ಸರಿಹೋಯಿತು. ಪುತ್ತೂರಿನವರಿಗೆ ಇದ್ದದ್ದು ಬರೀ ಎಂ.ಬಿ.ಬಿ.ಎಸ್. ಆದರೆ ಐದು ಮಾತ್ರೆಗಳನ್ನೂ ಒಟ್ಟಿಗೆ ಕೇಳಿಸಿಕೊಂಡವರು ಅವರೊಬ್ಬರೇ. "ಅವರಿಗೆ ನಾನು ಗೊತ್ತುಂಟಲ್ಲ," ಅಂತ ಅಮ್ಮ ಹೇಳಿದರು.

ರೋಗಿಯ ಮನೆಯ ಕತೆ ಗೊತ್ತಿರುವುದು ಎಷ್ಟು ದೊಡ್ಡದು ಅನ್ನುವುದನ್ನು 2018ರ ಮೇ ತಿಂಗಳು ಇಡೀ ಕೇರಳಕ್ಕೆ ತೋರಿಸಿತು. ಪೇರಾಂಬ್ರದ ಒಬ್ಬ ಯುವಕ ಮೊದಲು ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿಗೆ ಹೋಗಿ ತೀರಿಕೊಂಡ. ಏನು ಜ್ವರ ಅಂತ ತಿಳಿಯಲಿಲ್ಲ. ಹತ್ತು ಹನ್ನೆರಡು ದಿನಗಳ ನಂತರ ಅವನ ಸಹೋದರ ಅದೇ ಲಕ್ಷಣಗಳೊಂದಿಗೆ ನಗರದ ಒಂದು ಖಾಸಗಿ ಆಸ್ಪತ್ರೆಗೆ ಬಂದಾಗ, ಅಲ್ಲಿಯ ತಜ್ಞರು ಮನೆಯವರನ್ನು ಕೂರಿಸಿ ವಿಚಾರಿಸಿದರು. ಮನೆಯಲ್ಲಿ ಒಂದು ಸಾವು ಆಗಿದೆ, ಇನ್ನೂ ಕೆಲವರಿಗೆ ಹುಷಾರಿಲ್ಲ ಅಂತ ಗೊತ್ತಾಯಿತು. ಸ್ಯಾಂಪಲ್ ನಮ್ಮ ಮಣಿಪಾಲದ ವೈರಸ್ ಪ್ರಯೋಗಾಲಯಕ್ಕೆ ಹೋಯಿತು, ನಿಫಾ ಅಂತ ತಿಳಿಯಿತು, ಪುಣೆ ಅದನ್ನು ಖಚಿತಪಡಿಸಿತು. ಆ ಸಲ 17 ಜನ ಹೋದರು. ಪೇರಾಂಬ್ರದಲ್ಲಿ ಆ ಮೊದಲ ರೋಗಿಯ ಆರೈಕೆ ಮಾಡಿದ್ದ ನರ್ಸ್ ಲಿನಿ ಕೂಡ. ಎರಡನೇ ರೋಗಿಯಲ್ಲೇ ಸುಳಿವು ಸಿಕ್ಕದಿದ್ದರೆ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ. ಅಂದು ಯಂತ್ರಕ್ಕಿಂತ ಮೊದಲು ಕೆಲಸ ಮಾಡಿದ್ದು ಹಳೆಯ ಕುಟುಂಬ ವೈದ್ಯರ ಪ್ರಶ್ನೆ: "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯಾ?"

ಇನ್ನು ಕಾಸರಗೋಡು. ಇದನ್ನು ಬಿಟ್ಟು ಕನ್ನಡದವರು ಈ ವಿಷಯ ಬರೆಯಲಾಗದು. 1956ರಲ್ಲಿ ಗೆರೆ ಎಳೆದಾಗ ಆಡಳಿತ ದಕ್ಷಿಣಕ್ಕೆ ಹೋಯಿತು, ರೋಗಿಗಳು ಮಾತ್ರ ಮೊದಲಿನಂತೆ ಉತ್ತರಕ್ಕೇ ಹೋದರು. ಮಂಗಳೂರು ಐವತ್ತು ಕಿಲೋಮೀಟರ್. ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆ. ಮಂಜೇಶ್ವರ ಕುಂಬಳೆಯವರಿಗೆ ಅದು ಇನ್ನೂ ಹತ್ತಿರ, ಮಾತೂ ತಮ್ಮದೇ. ಊರಿನ ಡಾಕ್ಟರು ಕೇರಳದಲ್ಲಿ, ತಜ್ಞರು ಕರ್ನಾಟಕದಲ್ಲಿ. ಎರಡು ರಾಜ್ಯ, ಎರಡು ಇಲಾಖೆ, ಎರಡು ಬಗೆಯ ಆರೋಗ್ಯ ಕಾರ್ಡು. ನಡುವೆ ಯಾವ ಒಪ್ಪಂದವೂ ಇಲ್ಲದೆ ಬರೀ ಅಭ್ಯಾಸದ ಮೇಲೆ ದಶಕಗಳು ನಡೆದವು.

2020ರ ಮಾರ್ಚಿನಲ್ಲಿ ಕೊರೋನಾ ಬಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಕೆಲವು ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನಲ್ಲಿ ಆಗ ಸೋಂಕು ಜೋರಾಗಿತ್ತು, ಕರ್ನಾಟಕದ ಹೆದರಿಕೆ ಸುಳ್ಳಲ್ಲ. ಆದರೆ ಆಂಬುಲೆನ್ಸುಗಳೂ ನಿಂತವು, ಮಂಗಳೂರು ತಲುಪಲಾಗದೆ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಯಿಸಿ ಎಂದು ಕೇಂದ್ರಕ್ಕೆ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡಲು ಒಂದು ಕ್ರಮಕ್ಕೆ ಒಪ್ಪಿಗೆಯಾಯಿತು. ಅದೇ ವಾರ ತಿರುವನಂತಪುರ ಮೆಡಿಕಲ್ ಕಾಲೇಜಿನ ಒಂದು ತಂಡ ಇಡೀ ಕೇರಳ ದಾಟಿ ಬಂದು, 2013ರಲ್ಲಿ ಅಡಿಗಲ್ಲು ಹಾಕಿಸಿಕೊಂಡು ಅರ್ಧಕ್ಕೆ ನಿಂತಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ತೆರೆಯಿತು.

ಆಸ್ಪತ್ರೆ ಇಲ್ಲದ್ದು ಒಂದು ತೊಂದರೆ, ಅದನ್ನು ಎಲ್ಲರೂ ಬರೆದರು. ಇನ್ನೊಂದು ತೊಂದರೆ ಅಷ್ಟು ಕಾಣಲಿಲ್ಲ. ವರ್ಷಗಟ್ಟಲೆ ಮಂಗಳೂರಿನ ತಜ್ಞರಿಗೇ ನೇರವಾಗಿ ತೋರಿಸಿಕೊಂಡು ಬಂದವನ ಕಾಯಿಲೆಯ ಚರಿತ್ರೆ ಗಡಿಯ ಈಚೆ ಯಾರಲ್ಲಿತ್ತು? ರಸ್ತೆ ಮುಚ್ಚಿದ ದಿನ ಅವನ ಡಾಕ್ಟರು ಮಾತ್ರವಲ್ಲ, ಅವನ ಬಗ್ಗೆ ತಿಳಿದದ್ದೆಲ್ಲ ಆಚೆ ಉಳಿಯಿತು.

ಹಾಗಾದರೆ ಚೀಟಿ ಎಲ್ಲಿಯೂ ಕೆಳಗೆ ಬರಲೇ ಇಲ್ಲವೇ? ಬಂತು, ಆದರೆ ಯಾರೂ ನಿರೀಕ್ಷಿಸದ ಕಡೆ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನ ಆವರಣದಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಶಮನದ ಒಂದು ಕ್ಲಿನಿಕ್ ಶುರುಮಾಡಿದರು. "ಇನ್ನು ಮಾಡಲಿಕ್ಕೆ ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ" ಅನ್ನಿಸಿಕೊಂಡ ಕ್ಯಾನ್ಸರ್ ರೋಗಿಗಳಿಗೆ. 1985ರ ಮಾದಕವಸ್ತು ಕಾನೂನಿನ ಕಟ್ಟುಪಾಡಿನಿಂದ ಮಾರ್ಫಿನ್ ಸಿಗುವುದೇ ಕಷ್ಟವಿತ್ತು. ರೋಗಿಯನ್ನು ದೂರದಿಂದ ಹೊತ್ತು ತರುವುದಕ್ಕಿಂತ ಆರೈಕೆಯೇ ಮನೆಗೆ ಹೋಗಲಿ ಅಂತ, ಊರಿನ ಜನರನ್ನೇ ತರಬೇತುಗೊಳಿಸಿದರು. ಮಲಪ್ಪುರಂ, ಕಲ್ಲಿಕೋಟೆ ಕಡೆ ಆಟೋದವರು, ಟೀಚರುಗಳು, ಅಂಗಡಿಯವರು ವಾರಕ್ಕಿಷ್ಟು ಗಂಟೆ ಅಂತ ಸೇರಿದರು. 2008ರಲ್ಲಿ ಕೇರಳ ಸರ್ಕಾರ ದೇಶದಲ್ಲೇ ಮೊದಲು ಇದಕ್ಕೊಂದು ನೀತಿ ಮಾಡಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ, ಹುಣ್ಣು ತೊಳೆಯುತ್ತಾರೆ, ಬೇಕಾದರೆ ಡಾಕ್ಟರಿಗೆ ಹೇಳುತ್ತಾರೆ. ತಜ್ಞರು ಕೈಬಿಟ್ಟ ರೋಗಿಗೆ ಒಂದು ವಿಳಾಸ, ಒಂದು ಹೆಸರು ಸಿಕ್ಕಿತು. ಸಾಯುವವರಿಗೆ ಸಿಕ್ಕಿದ ಈ ವ್ಯವಸ್ಥೆ ಬದುಕುವವರಿಗೆ ಯಾಕೆ ಸಿಗಬಾರದು ಅನ್ನುವುದು ನನ್ನ ಪ್ರಶ್ನೆ.

2017ರಲ್ಲಿ ಶುರುವಾದ ಆರ್ದ್ರಂ ಯೋಜನೆ ಆ ದಿಕ್ಕಿನದ್ದೇ. ಮೊದಲ ಹಂತದಲ್ಲಿ 170 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು "ಕುಟುಂಬ ಆರೋಗ್ಯ ಕೇಂದ್ರ"ಗಳಾಗಿ ಬದಲಾಯಿಸಲು ತೆಗೆದುಕೊಂಡರು. ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತಿದ್ದ ಓಪಿ ಸಂಜೆ ಆರರ ತನಕ ಇರಬೇಕು, ಬಿ.ಪಿ., ಸಕ್ಕರೆ, ಉಬ್ಬಸ, ಮನಸ್ಸಿನ ಖಿನ್ನತೆ ಎಲ್ಲಕ್ಕೂ ಅಲ್ಲೇ ಮುಂದುವರಿದ ಚಿಕಿತ್ಸೆ ಸಿಗಬೇಕು. ಇ-ಹೆಲ್ತ್ ಅಂತ ಪ್ರತಿಯೊಬ್ಬರಿಗೂ ಒಂದು ನಂಬರು. ಕಲ್ಲಿಕೋಟೆಯಲ್ಲಿ ಕುಟುಂಬ ವೈದ್ಯಕ್ಕೇ ಒಂದು ಎಂ.ಡಿ. ಬಂತು, ದೇಶದ ಮೊದಲಿನವುಗಳಲ್ಲಿ ಒಂದು. ಹೆಸರು ಬದಲಾದ ಮಾತ್ರಕ್ಕೆ ಎಲ್ಲ ಆಗುವುದಿಲ್ಲ. ಆದರೆ ಬೋರ್ಡಿನ ಮೇಲೆ "ಕುಟುಂಬ" ಅನ್ನುವ ಮಾತು ಬಂದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನಮ್ಮ ಫ್ಲಾಟಿನ ಜನ ಮಾತ್ರ ಅತ್ತ ತಲೆ ಹಾಕುವುದು ಕಡಿಮೆ. ಸರ್ಕಾರಿ ಅಂತ ಮುಖ ಸಿಂಡರಿಸುತ್ತಾರೆ. ಸರಿ, ಖಾಸಗಿಯೇ ಇರಲಿ, ಆದರೆ ಒಬ್ಬರು ಸಾಮಾನ್ಯ ಡಾಕ್ಟರನ್ನು ಹಿಡಿದುಕೊಳ್ಳಿ. ತಜ್ಞರ ಹತ್ತಿರ ಹೋಗುವಾಗ ಅವರ ಚೀಟಿ ಒಯ್ಯಿರಿ, ಬರುವಾಗ "ನಮ್ಮ ಡಾಕ್ಟರಿಗೆ ಎರಡು ಸಾಲು ಬರೆದು ಕೊಡಿ ಸಾರ್" ಅಂತ ಕೇಳಿ. ಮೊದಲು ಮೇಲಿಂದ ಕೆಳಗೆ ನೋಡುತ್ತಾರೆ, ಆಮೇಲೆ ಬರೆಯುತ್ತಾರೆ. ನಾನು ಕೇಳಿದವರಲ್ಲಿ ಬರೆಯದವರು ಒಬ್ಬರೂ ಇಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಂತ ಒಬ್ಬರು ಹೇಳಿದರು, ಹೇಳಿ ಪೆನ್ನು ಹುಡುಕಿದರು.